ತೋಟದ ಮಣ್ಣು, ಹಳ್ಳದ ನೀರು: ಸೂಕ್ಷ್ಮಜೀವಿ ಸಂಶೋಧಕರಾಗುವುದು ಹೇಗೆ?

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ತಿರುಗುತ್ತಿರುತ್ತದೆ. ಕಾಫಿ ಬೀಜ ತೊಳೆದ ನೀರು ಹೊಂಡದಲ್ಲಿ ನಿಲ್ಲದೆ ಹಳ್ಳ ಸೇರಿದರೆ, ನೀರು ಕಪ್ಪಾಗಿ ನಾರುತ್ತದೆ, ಮೀನು ಸತ್ತು ತೇಲುತ್ತವೆ. ಮೀನಿನ ಉಸಿರು ಕಟ್ಟಿಸುವುದು ಬ್ಯಾಕ್ಟೀರಿಯಾ. ತೊಳೆದ ನೀರಿನಲ್ಲಿರುವ ಸಕ್ಕರೆ, ಪೆಕ್ಟಿನ್ (ಹಣ್ಣಿನ ಲೋಳೆ ಅಂಶ) ತಿಂದು ಬೆಳೆಯುವ ಅವು ನೀರಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ತೋಟದೊಳಗೂ ಇಂಥದೇ ಕಣ್ಣಿಗೆ ಕಾಣದ ವಹಿವಾಟು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಹಾಕಿದ ರಂಜಕದ ಹೆಚ್ಚಿನ ಪಾಲನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಕೆಲವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಸಾವಯವ ಆಮ್ಲ ಸುರಿಸಿ ಅದರಲ್ಲಿ ಒಂದಿಷ್ಟನ್ನು ಬಿಡಿಸಿ ಬೇರಿಗೆ ಕೊಡುತ್ತವೆ.

ಇದನ್ನೆಲ್ಲ ಅಳೆದು, ಕಾರಣ ಹುಡುಕುವುದನ್ನೇ ವೃತ್ತಿ ಮಾಡಿಕೊಳ್ಳಬಹುದು. ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೂ ಅಲ್ಲ. ತುಂಗಾ, ಭದ್ರಾ, ಹೇಮಾವತಿ ಹುಟ್ಟುವುದು ಇಲ್ಲೇ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ.

ಪಿಯುಸಿ ನಂತರದ ಕವಲು

ಪಿಯುಸಿಯಲ್ಲಿ ಪಿಸಿಎಂಬಿ ಇದ್ದರೆ ಒಳ್ಳೆಯದು. ಈ ಕ್ಷೇತ್ರದಲ್ಲಿ ಜೀವಶಾಸ್ತ್ರ ಬಲ್ಲವರು ಸಾಕಷ್ಟಿದ್ದಾರೆ. ಲೆಕ್ಕ, ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರ ಬಲ್ಲವರೇ ಕಡಿಮೆ.

ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಕೃಷಿ ಪದವಿಯದು. ಹಾಸನದ ಕಾರೆಕೆರೆಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಪ್ರವೇಶ ಸಿಇಟಿ ಮೂಲಕ. ರೈತರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ. ಇನ್ನೊಂದು ಸಾಮಾನ್ಯ ಬಿಎಸ್ಸಿ: ಸೂಕ್ಷ್ಮಜೀವಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಪರಿಸರ ವಿಜ್ಞಾನ. ಕೆರೆ, ನದಿಯ ಕಡೆಗೇ ಒಲವಿದ್ದವರು ಮಂಗಳೂರಿನ ಮೀನುಗಾರಿಕೆ ಕಾಲೇಜನ್ನೂ ಯೋಚಿಸಬಹುದು.

ಇಲ್ಲಿ ಹಲವರು ಎಡವುತ್ತಾರೆ. ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಸೂಕ್ಷ್ಮಜೀವಶಾಸ್ತ್ರದ ಎಂಎಸ್ಸಿಗೆ ಸಾಮಾನ್ಯವಾಗಿ ಕೃಷಿ ಅಥವಾ ಅದಕ್ಕೆ ಸಮನಾದ ಪದವಿಯೇ ಬೇಕು. ಸಾಮಾನ್ಯ ಬಿಎಸ್ಸಿ ಮುಗಿಸಿ ಆ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ಅಂಥವರಿಗೆ ಮೈಸೂರು, ಕುವೆಂಪು ಮೊದಲಾದ ವಿಶ್ವವಿದ್ಯಾಲಯಗಳ ಸೂಕ್ಷ್ಮಜೀವಶಾಸ್ತ್ರ ಅಥವಾ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ಎರಡೂ ದಾರಿಯಿಂದ ಸಂಶೋಧನೆಗೆ ಹೋಗಬಹುದು. ಆದರೆ ಕವಲಿನ ವಿಷಯ ಪಿಯುಸಿಯಲ್ಲೇ ಗೊತ್ತಿರಬೇಕು.

ಮಣ್ಣು ತೆಗೆಯುವುದನ್ನು ಮೊದಲು ಕಲಿಯಿರಿ

ಡಿಎನ್‌ಎ ಓದಿಸುವ ಕೆಲಸವನ್ನು ದುಡ್ಡು ಕೊಟ್ಟು ಹೊರಗೆ ಮಾಡಿಸಬಹುದು. ತಪ್ಪಾಗಿ ತೆಗೆದ ಮಾದರಿಯನ್ನು ಮಾತ್ರ ಯಾವ ಯಂತ್ರವೂ ಸರಿಮಾಡಲಾರದು. ಆದ್ದರಿಂದ ಪದವಿಯ ಎರಡನೇ ವರ್ಷಕ್ಕಾದರೂ ಈ ಅಭ್ಯಾಸ ಶುರುವಾಗಬೇಕು.

ತೋಟದ ಮಾಲೀಕರ ಅನುಮತಿ ಪಡೆದು, ಮಣ್ಣಿನ ಬಣ್ಣ, ಇಳಿಜಾರು, ನೆರಳು ಒಂದೇ ಬಗೆಯಾಗಿರುವ ಒಂದು ತುಂಡನ್ನು ಆರಿಸಿ. ಗೊಬ್ಬರದ ಗುಂಡಿ, ಬದು, ದಾರಿ, ಇತ್ತೀಚೆಗೆ ಸುಣ್ಣ ಅಥವಾ ಗೊಬ್ಬರ ಹಾಕಿದ ಜಾಗ ಬಿಡಿ. ಅಂಕುಡೊಂಕಾಗಿ ನಡೆಯುತ್ತ 8ರಿಂದ 10 ಕಡೆ ತರಗೆಲೆ ಸರಿಸಿ, 0–15 ಸೆಂಟಿಮೀಟರ್ ಆಳದ ಮಣ್ಣು ತೆಗೆಯಿರಿ. ಆಳ ಎಲ್ಲ ಕಡೆಯೂ ಒಂದೇ ಇರಲಿ. ಮೇಲಿನ ಮಣ್ಣಿಗೂ ಒಂದಡಿ ಕೆಳಗಿನ ಮಣ್ಣಿಗೂ ಸೂಕ್ಷ್ಮಜೀವಿಗಳ ಸಂಖ್ಯೆಯಲ್ಲಿ ಅಪಾರ ವ್ಯತ್ಯಾಸ. ಆಳ ಹೆಚ್ಚುಕಮ್ಮಿಯಾದರೆ ನೀವು ಎರಡು ತೋಟಗಳನ್ನು ಹೋಲಿಸಿದಂತಾಗದು, ಎರಡು ಆಳಗಳನ್ನು ಹೋಲಿಸಿದಂತಾಗುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಸಲಕರಣೆಯನ್ನು ತೊಳೆದು ಶೇ 70ರ ಆಲ್ಕೋಹಾಲ್‌ನಿಂದ ಒರೆಸಿ.

ಮಣ್ಣನ್ನು ಸ್ವಚ್ಛ ಹಾಳೆಯ ಮೇಲೆ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು, ಉಳಿದದ್ದನ್ನು ಮತ್ತೆ ಬೆರೆಸಿ, ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ಒಂದು ಪಾಲು ಬ್ಯಾಕ್ಟೀರಿಯಾ ಎಣಿಕೆಗೆ, ಐಸ್ ಬಾಕ್ಸ್‌ನಲ್ಲಿ. ಒಂದು ಪಾಲು ಡಿಎನ್‌ಎಗೆ, ಬೇಗನೆ ಮೈನಸ್ 20 ಅಥವಾ ಮೈನಸ್ 80 ಡಿಗ್ರಿಗೆ. ಉಳಿದದ್ದು ನೆರಳಲ್ಲಿ ಒಣಗಿಸಿ ಪಿಎಚ್, ಸಾವಯವ ಇಂಗಾಲದ ಪರೀಕ್ಷೆಗೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿಲಿನ ಬಸ್ಸಿನಲ್ಲಿ ತಂದ ಮಣ್ಣಿನಲ್ಲಿ ದಾರಿಯಲ್ಲೇ ಕೆಲವು ಜೀವಿಗಳು ಹೆಚ್ಚಿ, ಕೆಲವು ಸಾಯುತ್ತವೆ. ಕವರಿನ ಮೇಲೆ ದಿನಾಂಕ, ಸಮಯ, ಜಿಪಿಎಸ್, ಆಳ, ಹಿಂದಿನ ಮಳೆ, ಹಾಕಿದ ಗೊಬ್ಬರದ ವಿವರ ಸೀಸದಕಡ್ಡಿಯಲ್ಲೇ ಬರೆದ ಚೀಟಿ ಇರಲಿ. ಪೆನ್ನಿನ ಶಾಯಿ ಒದ್ದೆಗೆ ಅಳಿಸಿಹೋಗುತ್ತದೆ.

ಭದ್ರಾ ಹುಲಿ ಮೀಸಲು ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಡೆ ಒಂದು ಹಿಡಿ ಮಣ್ಣಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ಎಣಿಕೆ ಎಲ್ಲಿ ಕೆಡುತ್ತದೆ

10 ಗ್ರಾಂ ಮಣ್ಣನ್ನು 90 ಮಿಲಿ ಕ್ರಿಮಿಶುದ್ಧ ಉಪ್ಪುನೀರಿಗೆ ಹಾಕಿ ಚೆನ್ನಾಗಿ ಕುಲುಕಿ. ಅದರಿಂದ 1 ಮಿಲಿ ತೆಗೆದು 9 ಮಿಲಿಗೆ, ಅದರಿಂದ ಮತ್ತೆ 1 ಮಿಲಿ ಇನ್ನೊಂದು 9 ಮಿಲಿಗೆ, ಹೀಗೆ ಲಕ್ಷ ಪಟ್ಟು ತೆಳುವಾಗುವವರೆಗೆ. ಕೊನೆಯದರಿಂದ 0.1 ಮಿಲಿಯನ್ನು ಅಗರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್ಲಿಯ ತಟ್ಟೆ) ಮೇಲೆ ಹರಡಿ, ತಟ್ಟೆ ಬೋರಲು ಹಾಕಿ 28–30 ಡಿಗ್ರಿಯಲ್ಲಿಡಿ. 30ರಿಂದ 300ರೊಳಗೆ ಕಾಲೊನಿ (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಚುಕ್ಕೆ) ಬಂದ ತಟ್ಟೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. 62 ಕಾಲೊನಿ ಬಂದರೆ 62 × 10 × 1,00,000, ಅಂದರೆ ಗ್ರಾಂ ಹಸಿ ಮಣ್ಣಿಗೆ 6.2 ಕೋಟಿ. 105 ಡಿಗ್ರಿಯಲ್ಲಿ ಒಣಗಿಸಿದಾಗ 10 ಗ್ರಾಂ ಮಣ್ಣು 8 ಗ್ರಾಂಗೆ ಇಳಿದರೆ, ಒಣ ಮಣ್ಣಿನ ಲೆಕ್ಕ 7.75 ಕೋಟಿ. ಈ ಕೊನೆಯ ಭಾಗಾಕಾರ ಮರೆತರೆ ಮಳೆಗಾಲದ ಮಣ್ಣನ್ನೂ ಬೇಸಿಗೆಯ ಮಣ್ಣನ್ನೂ ಹೋಲಿಸಲು ಆಗುವುದಿಲ್ಲ.

ಒಂದೇ ಟಿಪ್‌ನಲ್ಲಿ ಎಲ್ಲ ಕೊಳವೆ ಮುಗಿಸಿದರೆ ಎಣಿಕೆ ಉಬ್ಬುತ್ತದೆ. ಕುಲುಕಿದ ಮಣ್ಣು ತಳಕ್ಕೆ ಇಳಿಯಲು ಬಿಟ್ಟು ಆಮೇಲೆ ತೆಗೆದರೆ ಕುಗ್ಗುತ್ತದೆ. ತಟ್ಟೆಯ ಮೇಲೆ ತೇವ ಉಳಿದಿದ್ದರೆ ಕಾಲೊನಿಗಳು ಹರಿದು ಒಂದಾಗುತ್ತವೆ. ಎರಡು ದಿನಕ್ಕೇ ತಟ್ಟೆ ಎಸೆದುಬಿಡಬೇಡಿ. ಮಣ್ಣಿನ ಎಷ್ಟೋ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳಲು ವಾರ ಬೇಕು, ಅವಕ್ಕೆ ಪೋಷಕಾಂಶ ಕಡಿಮೆಯಿರುವ ಆರ್2ಎ ಅಗರ್ ಒಗ್ಗುತ್ತದೆ. ಹಾಗಿದ್ದರೂ ತಟ್ಟೆಯಲ್ಲಿ ಬೆಳೆಯುವುದು ಮಣ್ಣಿನಲ್ಲಿರುವುದರ ಅತಿ ಸಣ್ಣ ಪಾಲು. ಡಿಎನ್‌ಎ ಬೇಕಾಗುವುದು ಅದಕ್ಕೇ.

ಹಳ್ಳದ ನೀರಿನ ಪರೀಕ್ಷೆ

ಪಲ್ಪಿಂಗ್ ನೀರು ಸೇರುವ ಜಾಗಕ್ಕಿಂತ ಮೇಲೆ, ಸೇರಿದ ಕೂಡಲೇ, ಇನ್ನಷ್ಟು ಕೆಳಗೆ, ಹೀಗೆ ಮೂರು ಕಡೆ ಮಾದರಿ ಬೇಕು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ನಡೆಯಿರಿ; ಮೇಲಿನಿಂದ ಬಂದರೆ ನೀವೇ ಕದಡಿದ ಕೆಸರು ಮುಂದಿನ ಬಾಟಲಿಗೆ ಸೇರುತ್ತದೆ. 300 ಮಿಲಿಯ ಬಿಒಡಿ ಬಾಟಲಿಯನ್ನು (ಬಿಒಡಿ ಎಂದರೆ ನೀರಿನ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಗುಳ್ಳೆ ಬಾರದಂತೆ ತುಂಬಿಸಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಹಳ್ಳದ ದಡದಲ್ಲೇ ಹಾಕಿ ಆಮ್ಲಜನಕವನ್ನು ಹಿಡಿದಿಡಬೇಕು. ಪ್ರಯೋಗಾಲಯದಲ್ಲಿ ಆಮ್ಲ ಹಾಕಿ, 200 ಮಿಲಿ ಮಾದರಿಯನ್ನು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ, ಖರ್ಚಾದ ಪ್ರತಿ ಮಿಲಿಯೂ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಪಾಚಿ ಇರುವ ಕೆರೆಯಲ್ಲಿ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಅಂಕಿ ಬೇರೆಯೇ ಬರುತ್ತದೆ, ಆದ್ದರಿಂದ ಎಲ್ಲ ಭೇಟಿಯೂ ಒಂದೇ ಹೊತ್ತಿಗಿರಲಿ.

ಬಿಒಡಿಗೆ ನಮ್ಮ ದೇಶದ ಪದ್ಧತಿ 27 ಡಿಗ್ರಿಯಲ್ಲಿ 3 ದಿನ. ಪಲ್ಪಿಂಗ್ ನೀರಿನ ಬಿಒಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ. ಬಾಟಲಿಯೊಳಗಿನ ಆಮ್ಲಜನಕವಾದರೋ ಲೀಟರಿಗೆ ಸುಮಾರು 8 ಮಿಲಿಗ್ರಾಂ. ತೆಳುಗೊಳಿಸದೆ ಇಟ್ಟರೆ ಆಮ್ಲಜನಕ ಪೂರ್ತಿ ಮುಗಿದು, ತೀವ್ರ ಮಾಲಿನ್ಯವೂ ಕಡಿಮೆ ಎಂಬಂತೆ ಕಾಣುತ್ತದೆ. ಹಲವು ಪಟ್ಟಿನಲ್ಲಿ ತೆಳುಮಾಡಿ ಇಟ್ಟು, ಲೀಟರಿಗೆ ಕನಿಷ್ಠ 2 ಮಿಲಿಗ್ರಾಂ ಖರ್ಚಾಗಿ ಕನಿಷ್ಠ 1 ಮಿಲಿಗ್ರಾಂ ಉಳಿದ ಬಾಟಲಿಯನ್ನಷ್ಟೇ ನಂಬಿ.

ಡಿಎನ್‌ಎ, ಲ್ಯಾಪ್‌ಟಾಪ್

ಡಿಎನ್‌ಎಯಲ್ಲಿ ಬ್ಯಾಕ್ಟೀರಿಯಾ ಗುರುತಿಗೆ ಓದುವುದು 16ಎಸ್ ಎಂಬ ಜೀನು, ಶಿಲೀಂಧ್ರಕ್ಕೆ ಐಟಿಎಸ್ ಎಂಬ ಭಾಗ. ತರಗೆಲೆ ಕೊಳೆತು ಕಪ್ಪಾದ ನಮ್ಮ ಮಣ್ಣಿನಲ್ಲಿ ಹ್ಯೂಮಿಕ್ ಆಮ್ಲ ಹೇರಳ. ಅದು ಡಿಎನ್‌ಎ ಜೊತೆ ಬಂದು ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ನಿಲ್ಲಿಸಿಬಿಡುತ್ತದೆ. ದ್ರಾವಣ ಕಂದಾಗಿದ್ದರೆ, 260/230 ಅನುಪಾತ (260 ಮತ್ತು 230 ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣಗಳ ಅನುಪಾತ, ಡಿಎನ್‌ಎ ಶುದ್ಧತೆಯ ಅಳತೆ) 2ಕ್ಕಿಂತ ಬಹಳ ಕೆಳಗಿದ್ದರೆ ಇದೇ ಕಾರಣ ಇರಬಹುದು. ಮೊದಲು ಹತ್ತು ಪಟ್ಟು ತೆಳುಮಾಡಿ ನೋಡಿ. ಮಣ್ಣೇ ಹಾಕದ ಒಂದು ಖಾಲಿ ಕೊಳವೆಯನ್ನೂ ಕೊನೆಯವರೆಗೆ ಒಯ್ಯಿರಿ, ಕಿಟ್‌ನಲ್ಲೇ ಇರುವ ಬ್ಯಾಕ್ಟೀರಿಯಾ ಗೊತ್ತಾಗುತ್ತದೆ.

ವಿಶ್ಲೇಷಣೆಯ ತಂತ್ರಾಂಶಗಳಾದ ಆರ್ (R), ಚೈಮ್ 2 (QIIME 2) ಉಚಿತ. ಜಗತ್ತಿನ ಸಂಶೋಧಕರು ಇಟ್ಟ ಮೂಲ ದತ್ತಾಂಶವೂ ಎನ್‌ಸಿಬಿಐ ಎಂಬ ಅಮೆರಿಕದ ಸಾರ್ವಜನಿಕ ಜೀವದತ್ತಾಂಶ ಭಂಡಾರದಲ್ಲಿ ಉಚಿತವಾಗಿ ಸಿಗುತ್ತದೆ. ಕಾಲೇಜಿನಲ್ಲಿ ಪಿಸಿಆರ್ ಯಂತ್ರ ಇಲ್ಲದವರೂ ಇದನ್ನು ಇಂದೇ ಕಲಿಯಬಹುದು, ಕಲಿಯಲೇಬೇಕು.

ಪರೀಕ್ಷೆ, ಫೆಲೋಶಿಪ್

ಬೇಸಿಗೆ ರಜೆಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಇದೆ. ಅರ್ಜಿ ಸಾಮಾನ್ಯವಾಗಿ ಹಿಂದಿನ ನವೆಂಬರಿಗೇ ಮುಗಿಯುತ್ತದೆ, ಮಾರ್ಚಿನಲ್ಲಿ ಹುಡುಕಿದರೆ ಪ್ರಯೋಜನವಿಲ್ಲ.

ಎಂಎಸ್ಸಿ ನಂತರ ಸಿಎಸ್‌ಐಆರ್-ಯುಜಿಸಿ ನೆಟ್, ಅಂದರೆ ಸಂಶೋಧನಾ ಫೆಲೋಶಿಪ್ ಮತ್ತು ಅಧ್ಯಾಪಕ ಹುದ್ದೆಗೆ ಅರ್ಹತೆ ನೋಡುವ ರಾಷ್ಟ್ರಮಟ್ಟದ ಪರೀಕ್ಷೆ. ಜೀವ ವಿಜ್ಞಾನದ ಪತ್ರಿಕೆ 3 ಗಂಟೆ, 200 ಅಂಕ. ಅದರಲ್ಲಿ 100 ಅಂಕ ಸಿ ಭಾಗದ್ದೇ, 75 ಪ್ರಶ್ನೆಗಳಲ್ಲಿ 25ಕ್ಕೆ ಉತ್ತರಿಸಬೇಕು. ಪರಿಸರ ವಿಜ್ಞಾನದವರು ಯುಜಿಸಿ ನೆಟ್, ಕೃಷಿಯವರು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಎಎಸ್‌ಆರ್‌ಬಿ ನೆಟ್ ಬರೆಯಬಹುದು. ಸಿಎಸ್‌ಐಆರ್ ಅಥವಾ ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಮಾರ್ಗದರ್ಶಕರಿಗೆ ಬರೆಯುವಾಗ ಅವರ ಎರಡು ಪ್ರಬಂಧ ಓದಿ, ನಿಮ್ಮ ಪ್ರಶ್ನೆ ಏನು, ಯಾವ ಕೆಲಸ ಕೈಯಲ್ಲಿ ಬರುತ್ತದೆ ಎಂಬುದನ್ನು ಹತ್ತು ಸಾಲಿನಲ್ಲಿ ಹೇಳಿ. ಸೇರುವ ಮೊದಲು ಆ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿಗಳ ಜೊತೆ ಮಾತಾಡಿ: ಪಿಎಚ್‌ಡಿ ಎಷ್ಟು ವರ್ಷ ಹಿಡಿಯುತ್ತಿದೆ, ಭತ್ಯೆ ಸಮಯಕ್ಕೆ ಬರುತ್ತದೆಯೇ, ಕ್ಷೇತ್ರ ಓಡಾಟದ ಖರ್ಚು ಯಾರದ್ದು? ಐದಾರು ವರ್ಷದ ಬದುಕಿನ ಪ್ರಶ್ನೆಯಾದ್ದರಿಂದ ಸಂಕೋಚ ಬೇಡ.

ಕೆಲಸ ಎಲ್ಲೆಲ್ಲಿ

ಪಿಎಚ್‌ಡಿ ಮುಗಿಸಿದವರಿಗೆ ವಿಶ್ವವಿದ್ಯಾಲಯಗಳು, ಐಸಿಎಆರ್ (ಕೃಷಿ ಸಂಶೋಧನಾ ಪರಿಷತ್ತು) ಮತ್ತು ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು) ಸಂಸ್ಥೆಗಳಿವೆ. ಹುದ್ದೆ ಕಡಿಮೆ, ಕಾಯುವಿಕೆ ಹೆಚ್ಚು. ಎಂಎಸ್ಸಿಗೇ ನಿಲ್ಲಿಸುವವರಿಗೆ ಸಂಶೋಧನಾ ಯೋಜನೆಗಳ ಸಹಾಯಕ ಹುದ್ದೆ, ನೀರು ಪರೀಕ್ಷಾ ಪ್ರಯೋಗಾಲಯ, ತ್ಯಾಜ್ಯನೀರು ಶುದ್ಧೀಕರಣ ಘಟಕ, ಜೈವಿಕ ಗೊಬ್ಬರ ತಯಾರಿಕೆ ಇವೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವರೂಪದ ಅಜೋಸ್ಪಿರಿಲಂ (ಗಾಳಿಯ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾ) ಗೊಬ್ಬರದ ಪ್ರತಿ ಮಿಲಿಯಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕು. ಅದನ್ನು ಎಣಿಸಿ ಸಹಿ ಹಾಕಬಲ್ಲವರನ್ನು ಅಂಥ ಘಟಕಗಳು ಹುಡುಕುತ್ತಿರುತ್ತವೆ. ಸಂದರ್ಶನದಲ್ಲಿ ಮಾರ್ಕ್ಸ್ ಕಾರ್ಡ್‌ಗಿಂತ ಮೊದಲು ಪಿಪೆಟ್ ಕೈಗೆ ಕೊಟ್ಟು ನೋಡುವುದೂ ಉಂಟು.