ಮಾಲ್ಹೂರ್ ಸರೋವರದ ದಡ ಎಲ್ಲಿದೆ?

ಮಾಲ್ಹೂರ್ ಸರೋವರವಿರುವ ಅಮೆರಿಕದ ಒರೆಗಾನ್ ರಾಜ್ಯದ ಹಾರ್ನಿ ಕೌಂಟಿ ಎತ್ತರದ ಮರುಭೂಮಿ. ಸೇಜ್ ಪೊದೆ, ತಂತಿಬೇಲಿ, ದನ ಬಿಟ್ಟರೆ ಕಣ್ಣಿಗೆ ಬೇರೇನೂ ಬೀಳದು. 1872ರಲ್ಲಿ ಪೀಟರ್ ಫ್ರೆಂಚ್ ಕ್ಯಾಲಿಫೋರ್ನಿಯಾದಿಂದ ದನ ಹೊಡೆದುಕೊಂಡು ಬಂದದ್ದು ಇಲ್ಲಿಗೇ. ಅವನ ಹೆಸರಿನ ಜೊತೆ ಅವನಿಗೆ ಬಂಡವಾಳ ಹಾಕಿದ ಗ್ಲೆನ್‌ನ ಹೆಸರೂ ಸೇರಿ ಫ್ರೆಂಚ್‌ಗ್ಲೆನ್ ಅನ್ನುವ ಪುಟ್ಟ ಊರಾಗಿದೆ.

ಇಲ್ಲಿನ ಹಳೆಯ ಟೊಪೊ ಶೀಟುಗಳನ್ನು (ನೆಲದ ಏರಿಳಿತ, ನೀರು, ರಸ್ತೆ ತೋರಿಸುವ ಸರ್ವೆ ನಕ್ಷೆಗಳು) ಅಮೆರಿಕದ ಭೂವಿಜ್ಞಾನ ಸರ್ವೆ ಸಂಸ್ಥೆ ಯುಎಸ್‌ಜಿಎಸ್ ತನ್ನ ಟೊಪೊವ್ಯೂ ಜಾಲತಾಣದಲ್ಲಿ ಪುಕ್ಕಟೆ ಕೊಡುತ್ತದೆ. ನನಗೆ ಬೇಕಾದದ್ದು ಮಾತ್ರ ಬ್ಲಿಟ್ಜನ್ ನದಿಯ ಕಣಿವೆಯ ಉತ್ತರ ತುದಿಯ ರ‍್ಯಾಂಚೊಂದರಲ್ಲಿದ್ದ ಕಾಗದದ ಪ್ರತಿ. ಯಾರೋ ಅದರ ಮೇಲೆ ಬೇಲಿಗಳನ್ನೆಲ್ಲ ಪೆನ್ಸಿಲಿನಲ್ಲಿ ಗೀಚಿದ್ದರು. ಇಂದಿನ ನಕ್ಷೆಯ ಮೇಲೆ ಕೂರಿಸಲು ಅದನ್ನು ಸ್ಕ್ಯಾನ್ ಮಾಡಿ, ನಕ್ಷೆ ಜೋಡಿಸುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದೆ, ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ತುಂಬಿದೆ. ಇಡೀ ನಕ್ಷೆ ಸುಮಾರು ನೂರು ಮೀಟರ್ ಪೂರ್ವಕ್ಕೆ ಹೋಗಿ ಕೂತಿತು; ರಸ್ತೆ ಹುಲ್ಲುಗಾವಲಿನ ನಡುವೆ! ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಅಡಿಯ ಸಣ್ಣಕ್ಷರ ಕಂಡಿತು: 1927ರ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಆಧಾರ. ನಾನು 1983ರದ್ದು ಎಂದು ಕೊಟ್ಟಿದ್ದೆ.

ಮಡಿಕೆ ಬಿದ್ದು ಎಳೆದಾಡಿದ ಕಾಗದಕ್ಕೆ ಮೂಲೆಗಳಷ್ಟೇ ಸಾಲವು. ಬ್ಲಿಟ್ಜನ್ ನದಿಯನ್ನು ನಂಬುವಂತಿಲ್ಲ, ಅದನ್ನು ಎಷ್ಟೋ ಕಡೆ ನೇರ ಕಾಲುವೆ ಮಾಡಿಬಿಟ್ಟಿದ್ದಾರೆ. ಕೊನೆಗೆ ಕೈಹಿಡಿದದ್ದು ಸೆಕ್ಷನ್ ಮೂಲೆಗಳು, ಅಂದರೆ ಸರ್ವೆಯವರು ನೆಲವನ್ನು ಹಂಚಿದ ಮೈಲಿ ಚೌಕಗಳ ಮೂಲೆಗಳು: ಒಂದೊಂದು ಮೈಲಿಗೆ ಒಂದು, ಅಂದರೆ 66 ಅಡಿಯ ಚೈನಿನಲ್ಲಿ 80 ಚೈನು. ನಮ್ಮ ಗುಂಟೆ 33 ಅಡಿ ಚೌಕ. ಹಾಗಾಗಿ ಅವರ ಒಂದು ಚದರ ಚೈನು ಸರಿಯಾಗಿ ನಾಲ್ಕು ಗುಂಟೆ. ಪಹಣಿ ಓದಿ ಬೆಳೆದವನಿಗೆ ಇದು ಸಿಕ್ಕಾಗ ಊರಿನವರು ಸಿಕ್ಕಷ್ಟು ಖುಷಿ.

ಆಮೇಲೆ ಬಂತು ಮಾಲ್ಹೂರ್ ಸರೋವರ. ಎಲ್ಲ ಮೂಲೆಗಳೂ ಕೂತಿವೆ, ಆದರೂ ಪೆನ್ಸಿಲ್ ಬೇಲಿಯೊಂದು ನೀಲಿ ದಡ ದಾಟಿ ನೀರೊಳಗೆ ನಡೆದಿದೆ. ನನ್ನದೇ ತಪ್ಪೆಂದು ಮತ್ತೆ ಜೋಡಿಸಿದೆ. ಬೇಲಿ ಅಲ್ಲಿಂದ ಕದಲಲಿಲ್ಲ.

ರ‍್ಯಾಂಚಿನ ಹಿರಿಯರನ್ನು ಕೇಳಿದರೆ, “ನೀರು ಹಿಂದೆ ಸರಿದ ವರ್ಷ ಅಲ್ಲಿ ಒಳ್ಳೆ ಹುಲ್ಲು,” ಅಂದರು. ಸರೋವರ ತಟ್ಟೆಯಂತೆ ಆಳವಿಲ್ಲದ್ದು. ನೀರು ಒಂದಡಿ ಏರಿದರೆ ದಡ ಎಲ್ಲೋ ಹೋಗುತ್ತದೆ. 1980ರ ದಶಕದಲ್ಲಿ ಪಕ್ಕದ ಹಾರ್ನಿ ಸರೋವರದ ಜೊತೆ ಒಂದಾಗಿ ರ‍್ಯಾಂಚುಗಳನ್ನೇ ಮುಳುಗಿಸಿತ್ತು. ಬತ್ತಿದ ತಳ ಯಾರದ್ದು ಎಂದು ಒರೆಗಾನ್ ಮತ್ತು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದವು. 1935ರಲ್ಲಿ ಕೇಂದ್ರ ಗೆದ್ದಿತು.

ಈಗ ಪ್ರತಿ ಶೀಟಿನ ದಡವನ್ನೂ ಬೇರೆ ಬೇರೆ ಪದರದಲ್ಲಿ ಎಳೆದು, ಪಕ್ಕದಲ್ಲಿ ಸರ್ವೆ ನಡೆದ ವರ್ಷ ಬರೆಯುತ್ತೇನೆ. ಪೆನ್ಸಿಲ್ ಬೇಲಿಯನ್ನೂ ಬೂದು ಬಣ್ಣದಲ್ಲಿ ಉಳಿಸಿಕೊಂಡಿದ್ದೇನೆ. ಅದರ ವರ್ಷದ ಕಾಲಂ ಖಾಲಿ.