ಕಾರವಾರದ ಮಳೆಗಾಲದಲ್ಲಿ ನಂಬರ್ ಗರ್ಲ್ ಸದ್ದು ಹಿಡಿಯುವ ಬಗೆ

1995ರಲ್ಲಿ ಜಪಾನಿನ ಫುಕುವೋಕಾದಲ್ಲಿ ಹುಟ್ಟಿದ ನಂಬರ್ ಗರ್ಲ್ ಎಂಬ ರಾಕ್ ಬ್ಯಾಂಡಿನ ಗಿಟಾರು ಕಿವಿ ಸೀಳುವುದು ಡಿಸ್ಟಾರ್ಷನ್ ಪೆಡಲಿನಿಂದಷ್ಟೇ (ಸದ್ದನ್ನು ಒರಟು ಮಾಡುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಅಲ್ಲ, ಕೈಯ ಹೊಡೆತದಿಂದಲೂ. ಹಾಡುತ್ತಲೇ ಗಿಟಾರು ನುಡಿಸುವ ಮುಕಾಯ್ ಶುಟೋಕು ಕೈಯಲ್ಲಿ ಟೆಲಿಕಾಸ್ಟರ್ ಗಿಟಾರು, ತಬುಚಿ ಹಿಸಾಕೊ ಕೈಯಲ್ಲಿ ಜಾಜ್‌ಮಾಸ್ಟರ್. ಎರಡರಲ್ಲೂ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಒಂದೇ ಸುರುಳಿಯ ಭಾಗ).

ಗಿಟಾರಿನ ಸ್ವಿಚ್ಚನ್ನು ಬ್ರಿಜ್ ಪಿಕಪ್‌ಗೆ (ತಂತಿ ಕೂರುವ ಬ್ರಿಜ್ಜಿನ ಪಕ್ಕದ ಪಿಕಪ್) ಹಾಕಿ. ಆಂಪ್‌ನಲ್ಲಿ ಗೇನ್ (ಸದ್ದಿನ ಒರಟನ್ನು ಹೆಚ್ಚಿಸುವ ಗುಂಡಿ) 3, ಬಾಸ್ 4, ಮಿಡ್ 6, ಟ್ರೆಬಲ್ 7ರಿಂದ ಶುರುಮಾಡಿ. ಆರೂ ತಂತಿ ಒಟ್ಟಿಗೆ ಹೊಡೆದಾಗ ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕು. ಕಲಸಿಹೋದರೆ ಗೇನ್ ಇಳಿಸಿ, ವಾಲ್ಯೂಮ್ ಏರಿಸಿ. ಎರಡನೇ ಗಿಟಾರು ಅದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯಬಾರದು. ಏಳನೇ ಫ್ರೆಟ್ಟಿನಿಂದ (ಗಿಟಾರಿನ ನೆಕ್ಕಿನ ಅಡ್ಡಪಟ್ಟಿ) ಮೇಲಕ್ಕೆ ಎರಡು-ಮೂರು ತಂತಿಯಲ್ಲಷ್ಟೇ ಆಡಲಿ. ಜಾಜ್‌ಮಾಸ್ಟರ್ ಮಾದರಿಯ ಗಿಟಾರಿಗೆ ಸಣ್ಣ ತಂತಿ ಹಾಕಿದರೆ, ಜೋರಾಗಿ ಹೊಡೆದಾಗ ಬ್ರಿಜ್ಜಿನ ಸ್ಯಾಡಲಿನಿಂದ (ತಂತಿ ಕೂರುವ ಜಾಗ) ಜಾರುತ್ತದೆ. 11ರ ಸೆಟ್ (ಅತಿ ಸಣ್ಣ ತಂತಿ 0.011 ಇಂಚಿನದು) ಹಾಕಿ. ಬಾಸ್ ಗಿಟಾರು ನುಡಿಸುವವರು ಬೆರಳಿನ ಬದಲು ಪಿಕ್ (ಮೀಟುವ ಚಿಪ್ಪು) ಹಿಡಿಯಲಿ.

ಕಲಿಯುವುದಕ್ಕೆ ಮೊದಲು 1999ರ ಸ್ಟುಡಿಯೋ ಆಲ್ಬಮ್ಮು ‘ಸ್ಕೂಲ್ ಗರ್ಲ್ ಡಿಸ್ಟಾರ್ಷನಲ್ ಅಡಿಕ್ಟ್’ ತೆಗೆದುಕೊಳ್ಳಿ. ಅಲ್ಲಿ ಬ್ಯಾಂಡಿನ ನಾಲ್ವರ ನುಡಿಸುವಿಕೆಯೂ ಅಲಂಕಾರವಿಲ್ಲದೆ ಕೇಳುತ್ತದೆ. ಡೇವ್ ಫ್ರಿಡ್‌ಮನ್ ನಿರ್ಮಾಣದ 2000 ಮತ್ತು 2002ರ ಆಲ್ಬಮ್ಮುಗಳು ಆಮೇಲೆ. ಬಾಸ್‌ನ ನಕಾವೊ ಕೆಂಟಾರೊ ಬಿಡುತ್ತೇನೆ ಎಂದಾಗ ಬದಲಿಯವರನ್ನು ತರದೆ, 2002ರ ನವೆಂಬರಿನಲ್ಲಿ ಬ್ಯಾಂಡೇ ನಿಂತಿತು. 2019ರಲ್ಲಿ ಅದೇ ನಾಲ್ವರು ಮರಳಿ ಬಂದು 2022ರ ಡಿಸೆಂಬರಿನಲ್ಲಿ ಮುಗಿಸಿದರು. ಆದ್ದರಿಂದ ನಾಲ್ಕು ಜನ ಸೇರದ ದಿನ ಈ ಸದ್ದಿನ ಅಭ್ಯಾಸ ಬೇಡ. ಆ ಹೊತ್ತಿನಲ್ಲಿ ತಾಳವನ್ನಷ್ಟೇ ಗಟ್ಟಿಮಾಡಿಕೊಳ್ಳಿ.

ಸಿಂಗಲ್ ಕಾಯಿಲ್ ಗುಂಯ್ ಎನ್ನುವುದು ಸಹಜ, ಆಂಪ್‌ಗೆ ಮುಖ ಕೊಡದೆ ತಿರುಗಿ ನಿಂತರೆ ಕಡಿಮೆಯಾಗುತ್ತದೆ. ಆದರೆ ತಂತಿ ಮುಟ್ಟಿದಾಗ ಬೆರಳು ಜುಮ್ ಎಂದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಎರಡು ಪಿನ್ನಿನ ಪ್ಲಗ್ಗು, ಅರ್ಥಿಂಗ್ ಇಲ್ಲದ ಸಾಕೆಟ್ಟು, ಮಳೆಗೆ ಒದ್ದೆಯಾದ ನೆಲ ಮೂರೂ ಸೇರಿದರೆ ಜೀವಕ್ಕೇ ಅಪಾಯ. ಎಲೆಕ್ಟ್ರಿಶಿಯನ್ ನೋಡುವವರೆಗೆ ನುಡಿಸಬೇಡಿ.

ಕಡಲಿನ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಗಟ್ಟಿ ಕೇಸಿನಲ್ಲಿ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದರೆ ಒಣಗಿಸಿಯೇ ಮತ್ತೆ ಹಾಕಬೇಕು. ಒದ್ದೆ ಪಟ್ಟಿ, ಬೆವರಿನ ಬಟ್ಟೆ ಒಳಗೆ ತುರುಕಿದರೆ ಜೆಲ್ ಇದ್ದೂ ಪ್ರಯೋಜನವಿಲ್ಲ.

ಜೂನ್ ಹೊತ್ತಿಗೆ ಮರ ಉಬ್ಬಿ ನೆಕ್ಕಿನ ಬಾಗು ಬದಲಾಗುತ್ತದೆ. ಮೊದಲ ಫ್ರೆಟ್ಟಿಗೆ ಕೇಪೋ (ತಂತಿ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ಕೊನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿ ಒತ್ತಿ, ಆ ತಂತಿಗೂ ಏಳನೇ ಫ್ರೆಟ್ಟಿಗೂ ನಡುವಿನ ಸಂದು ನೋಡಿ. ಸುಮಾರು 0.25 ಮಿಮೀ ಇರಲಿ. ಸಂದು ಜಾಸ್ತಿಯಾದರೆ ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸರಳು) ಬಿಗಿ ಮಾಡಿ, ಕಡಿಮೆಯಾದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ, ಮರುದಿನ ಅಳೆದು ನೋಡಿ.