ಪಿಎಲ್‌ಸಿಗೂ ಸ್ಯಾಪ್‌ಗೂ ನಡುವೆ ಒಂದು ಜಗುಲಿ

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಗಾಡಿಗಳ ಬಿಡಿಭಾಗ ಮಾಡುವ ಜಾಗ. ಎರಡು ದೊಡ್ಡ ಪ್ರೆಸ್, ಏಳು ಎಸ್‌ಪಿಎಂ (ಒಂದೇ ಕೆಲಸಕ್ಕೆಂದು ಮಾಡಿಸಿದ ಮಷಿನ್), ಪಾರ್ಟ್ ತೊಳೆಯುವ ಮೂರು ವಾಷಿಂಗ್ ಮಷಿನ್, ಹಿಂದುಗಡೆ ಒಂದು ಹೀಟ್ ಟ್ರೀಟ್‌ಮೆಂಟ್ ಫರ್ನೇಸ್. ಡಿಪ್ಲೊಮಾ ಮುಗಿಸಿ ಸೇರಿದ ಮೇಲೆ ನನ್ನ ಆಯುಷ್ಯವೆಲ್ಲ ಪ್ಯಾನೆಲ್ ಬಾಗಿಲ ಮುಂದೆಯೇ ಕಳೆದಿದೆ. ಮಷಿನ್ ಓಡಿಸುವ ಪುಟ್ಟ ಕಂಪ್ಯೂಟರ್, ಅಂದರೆ ಪಿಎಲ್‌ಸಿ, ಇರುವುದು ಅದರೊಳಗೆ. ನೆಟ್‌ವರ್ಕ್ ಅಂದರೆ ಮೇಲಿನ ಮಹಡಿಯವರ ತಲೆನೋವು ಅಂದುಕೊಂಡಿದ್ದೆ.

ನಮ್ಮಲ್ಲಿ ಶಿಫ್ಟ್ ಮುಗಿದಾಗ ಆಪರೇಟರ್ ಲಾಗ್ ಬುಕ್‌ನಲ್ಲಿ ಎಷ್ಟು ಪೀಸ್ ಆಯಿತು ಅಂತ ಬರೆಯುತ್ತಿದ್ದರು. ಮಾರನೆಯ ದಿನ ಹತ್ತು ಗಂಟೆಗೆ ಸ್ಟೋರ್ಸ್ ಪಕ್ಕದ ಕೋಣೆಯಲ್ಲಿ ಒಬ್ಬರು ಕೂತು ಮೂರೂ ಶಿಫ್ಟಿನ ಲೆಕ್ಕವನ್ನು ಸ್ಯಾಪ್‌ಗೆ, ಅಂದರೆ ಕಂಪನಿಯ ಲೆಕ್ಕಪತ್ರ, ಸ್ಟಾಕ್ ಎಲ್ಲ ಇರುವ ಸಾಫ್ಟ್‌ವೇರ್‌ಗೆ, ಟೈಪ್ ಮಾಡುತ್ತಿದ್ದರು. ಎಣ್ಣೆ ಕೈಯಲ್ಲಿ ಬರೆದ 1 ಮತ್ತು 7 ಒಂದೇ ಥರ ಕಾಣುತ್ತವೆ. ತಿಂಗಳ ಕೊನೆಗೆ ಸ್ಟಾಕ್ ತಾಳೆಯಾಗುತ್ತಿರಲಿಲ್ಲ. ಒಂದು ದಿನ ಜಿಎಂ ಕರೆದು ಕೇಳಿದರು: "ಎಷ್ಟು ಪೀಸ್ ಆಯ್ತು ಅಂತ ಮಷಿನ್‌ಗೇ ಗೊತ್ತಿರುತ್ತಲ್ರೀ, ಅದೇ ಸ್ಯಾಪ್‌ಗೆ ಹೇಳೋಕಾಗಲ್ವಾ?"

"ಆಗುತ್ತೆ ಸಾರ್, ಒಂದು ಕೇಬಲ್ ಎಳೆದರೆ ಆಯ್ತು" ಅಂದುಬಿಟ್ಟೆ.

ಕೇಬಲ್ ಎಳೆದದ್ದೂ ನಿಜ. ಭಾನುವಾರ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಆಫೀಸಿನ ಸ್ವಿಚ್‌ನಿಂದ ಶಾಪ್ ಫ್ಲೋರ್‌ಗೆ ಲೈನ್ ತಂದೆವು. ಮೊದಲ ಎಸ್‌ಪಿಎಂ ಜೋಡಿಸಿದಾಗ ಎಲ್ಲ ಸರಿಯಿತ್ತು. ಎರಡನೆಯದನ್ನು ಜೋಡಿಸಿದ ಕೂಡಲೇ ಎರಡೂ ಮಾಯ. ನೋಡಿದರೆ ಎರಡಕ್ಕೂ ಐಪಿ ಅಡ್ರೆಸ್ 192.168.0.1. ಒಬ್ಬನೇ ಮಷಿನ್ ಬಿಲ್ಡರ್ ಮಾಡಿದ್ದು, ಅವನು ಎಲ್ಲ ಮಷಿನ್‌ಗೂ ಅದೇ ನಂಬರ್ ಹಾಕಿ ಕಳಿಸುತ್ತಾನೆ. ಒಂಟಿಯಾಗಿ ಓಡುವ ಮಷಿನ್‌ಗೆ ಅದರಿಂದ ತೊಂದರೆ ಏನೂ ಇಲ್ಲ, ಅಲ್ವಾ? ಐಪಿ ಬದಲಿಸೋಣ ಅಂದರೆ ಎಚ್‌ಎಂಐ (ಆಪರೇಟರ್ ಮುಂದಿನ ಪರದೆ) ಪ್ರೋಗ್ರಾಂ ಕೂಡ ಬದಲಿಸಬೇಕು. ಅದರ ಮೂಲ ಫೈಲ್ ನಮ್ಮ ಹತ್ತಿರ ಇರಲಿಲ್ಲ. ಕೊನೆಗೆ ಆ ಎರಡರ ಪ್ಯಾನೆಲ್‌ನಲ್ಲೂ ಒಂದೊಂದು ಸಣ್ಣ ನ್ಯಾಟ್ ರೂಟರ್ ಕೂರಿಸಿದೆವು. ಒಳಗಡೆ ಹಳೆಯ ನಂಬರ್, ಹೊರಗಡೆ ಹೊಸದು.

ಇದು ಸಣ್ಣ ಪೆಟ್ಟು. ದೊಡ್ಡದು ಮೂರು ವಾರದ ನಂತರ ಬಿತ್ತು. ಮಂಗಳವಾರ ಮಧ್ಯಾಹ್ನ ಪ್ರೆಸ್ ಲೈನ್‌ನಿಂದ ಫೋನ್. ಹೋಗಿ ನೋಡಿದರೆ ಎಚ್‌ಎಂಐ ಮೇಲೆ ನಂಬರ್ ಇರಬೇಕಾದ ಕಡೆಯೆಲ್ಲ ಬರೀ ####. ಬಟನ್ ಒತ್ತಿದರೆ ಏನೂ ಇಲ್ಲ. ಪಿಎಲ್‌ಸಿಯ ಸಿಪಿಯು ಮೇಲೆ ರನ್ ಲೈಟ್ ಹಸಿರಾಗಿಯೇ ಇದೆ, ಆದರೆ ಪಕ್ಕದ ಹಳೆಯ ಈಥರ್ನೆಟ್ ಕಾರ್ಡ್ ಉಸಿರೆತ್ತುತ್ತಿಲ್ಲ. ಪವರ್ ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಹೋಯಿತು. ಅಷ್ಟರಲ್ಲಿ ನಲವತ್ತು ನಿಮಿಷ ಹೋಗಿತ್ತು. ಕಾರಣ ಸಂಜೆ ಗೊತ್ತಾಯಿತು. ಐಟಿಯ ಹುಡುಗ ತಿಂಗಳಿಗೊಮ್ಮೆ ನೆಟ್‌ವರ್ಕ್ ಪೂರ್ತಿ ಸ್ಕ್ಯಾನ್ ಮಾಡುತ್ತಾನೆ, ಯಾವ ಪೋರ್ಟ್, ಅಂದರೆ ನೆಟ್‌ವರ್ಕ್ ಬಾಗಿಲು, ತೆರೆದಿದೆ ಅಂತ. ಕಂಪ್ಯೂಟರ್‌ಗಳಿಗೆ ಅದು ಸೊಳ್ಳೆ ಕಚ್ಚಿದ ಹಾಗೆ. ನಮ್ಮ ಹಳೆಯ ಕಾರ್ಡ್‌ಗೆ ತಡೆಯಲು ಆಗಲಿಲ್ಲ. ಅವನ ತಪ್ಪಲ್ಲ, ಅವನ ಕೆಲಸ ಅವನು ಮಾಡಿದ. ಪ್ರೆಸ್ಸನ್ನು ಅವನ ಬೀದಿಗೆ ತಂದು ನಿಲ್ಲಿಸಿದವನು ನಾನು.

ಅವತ್ತೇ ಕೇಬಲ್ ಕಿತ್ತುಹಾಕಿದೆ.

ಆಮೇಲೆ ನಾನು ಮತ್ತು ಆ ಹುಡುಗ ಕ್ಯಾಂಟೀನ್‌ನಲ್ಲಿ ಕೂತು ಮೊದಲಿಂದ ಶುರು ಮಾಡಿದೆವು. ಅವನಿಗೆ ಪಿಎಲ್‌ಸಿ ಗೊತ್ತಿಲ್ಲ, ನನಗೆ ಫೈರ್‌ವಾಲ್ ಗೊತ್ತಿಲ್ಲ. ಅವನು ಒಂದು ಪ್ರಶ್ನೆ ಕೇಳಿದ: "ಸಾರ್, ನಿಮ್ಮ ಪಿಎಲ್‌ಸಿಗೆ ಪಾಸ್‌ವರ್ಡ್ ಇರಲ್ವಾ?" ಈ ಮಷಿನ್‌ಗಳು ಮಾತಾಡುವ ಭಾಷೆಗಳೇ ಹಾಗೆ, ನೀನು ಯಾರು ಅಂತ ಕೇಳುವುದಿಲ್ಲ. ಅಂಥ ಒಂದು ಭಾಷೆ ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. 502ನೇ ಪೋರ್ಟ್‌ಗೆ ಬಂದು ಯಾರು ಕೇಳಿದರೂ ಅದು ಉತ್ತರ ಕೊಡುತ್ತದೆ, ಯಾರು ಬರೆದರೂ ಬರೆಸಿಕೊಳ್ಳುತ್ತದೆ. ಸೀಮೆನ್ಸ್‌ನ ಹಳೆಯ ಪಿಎಲ್‌ಸಿ ಎಸ್7-300 ಕೂಡ 102ನೇ ಪೋರ್ಟ್‌ನಲ್ಲಿ ಹೆಚ್ಚುಕಮ್ಮಿ ಅದೇ ಥರ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವೈರಸ್ ಗುರಿ ಇಟ್ಟ ಪಿಎಲ್‌ಸಿಗಳಲ್ಲಿ ಈ 300 ಸರಣಿಯದೂ ಒಂದು. ಹಾಗಂತ ನಮ್ಮ ಪ್ರೆಸ್ ಮೇಲೆ ಯಾರೋ ದೇಶ ದಂಡೆತ್ತಿ ಬರುತ್ತದೆ ಅಂತಲ್ಲ. ಆಫೀಸಿನಲ್ಲಿ ಯಾರೋ ಒಬ್ಬರು ಇನ್‌ವಾಯ್ಸ್ ಅಂತ ನಂಬಿ ಕೆಟ್ಟ ಫೈಲ್ ತೆರೆದರೆ ಸಾಕು.

ಅವನು ಡಿಎಂಜೆಡ್ ಅಂತ, ಎರಡು ನೆಟ್‌ವರ್ಕ್ ನಡುವಿನ ಜಾಗ ಅಂತ ಏನೋ ವಿವರಿಸಿದ. ನನಗೆ ಅದು ಅರ್ಥವಾದದ್ದು ನಮ್ಮೂರ ಮನೆ ನೆನಪಾದ ಮೇಲೆ. ಪರಿಚಯ ಇಲ್ಲದವರು ಬಂದರೆ ಜಗುಲಿ ಮೇಲೆ ಕೂರಿಸುತ್ತೇವೆ. ನೀರು, ಬೆಲ್ಲ ಒಳಗಿಂದ ನಾವೇ ತಂದುಕೊಡುತ್ತೇವೆ. ಅವರು ಎದ್ದು ಅಡುಗೆಮನೆಗೆ ಹೋಗಿ ತೆಗೆದುಕೊಳ್ಳುವುದಿಲ್ಲ. ನಾವು ಮಾಡಿದ್ದೂ ಅಷ್ಟೇ. ಶಾಪ್ ಫ್ಲೋರ್‌ಗೆ ಬೇರೆಯದೇ ಸ್ವಿಚ್‌ಗಳು. ಅಲ್ಲಿ ಒಂದು ಪುಟ್ಟ ಪಿಸಿ, ಅದೊಂದೇ ಪಿಎಲ್‌ಸಿಗಳ ಜೊತೆ ಮಾತಾಡುತ್ತದೆ. ಅದು ತಾನೇ ಹೊರಗೆ ಬಂದು ಜಗುಲಿಯಲ್ಲಿರುವ ಸರ್ವರ್‌ಗೆ ಲೆಕ್ಕ ಒಪ್ಪಿಸುತ್ತದೆ. ಆಫೀಸಿನವರು ಜಗುಲಿವರೆಗೆ ಬರಬಹುದು. ಜಗುಲಿಯಿಂದ ಒಳಕ್ಕೆ ಫೈರ್‌ವಾಲ್ ಯಾರನ್ನೂ ಬಿಡುವುದಿಲ್ಲ. ಐಟಿಯ ಸ್ಕ್ಯಾನ್ ಕೂಡ ಜಗುಲಿಗೇ ನಿಲ್ಲುತ್ತದೆ. ಒಳಗಿನ ಪಿಸಿಯಲ್ಲಿ ಲೆಕ್ಕ ಓದಿ ಸಾಗಿಸಲು ನೋಡ್-ರೆಡ್ ಅನ್ನುವ ಸಾಫ್ಟ್‌ವೇರ್ ಹಾಕಿದೆವು, ಹೊರಗೆ ಕಳಿಸಲು ಎಂಕ್ಯೂಟಿಟಿ ಅನ್ನುವ ಸಂದೇಶ ಭಾಷೆ. ದುಡ್ಡು ಕೊಟ್ಟು ದೊಡ್ಡ ಸ್ಕಾಡಾ (ಮಷಿನ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡುವ ಸಾಫ್ಟ್‌ವೇರ್) ತರುವ ಮಾತೂ ಬಂದಿತ್ತು. ನಮ್ಮ ಹದಿಮೂರು ಮಷಿನ್‌ಗೆ ಅದು ಜಾಸ್ತಿ ಆಯಿತು ಅಂತ ನಾನೇ ಬೇಡ ಅಂದೆ.

ಸೀಮೆನ್ಸ್‌ನ ಹೊಸ ಪಿಎಲ್‌ಸಿ ಎಸ್7-1200 ಇರುವ ಎಸ್‌ಪಿಎಂಗಳಿಂದ ಓದುವುದು ಸುಲಭ ಅಂದುಕೊಂಡಿದ್ದೆ. ಅದರಲ್ಲಿ ಎರಡು ಗಂಟು ಇವೆ. ಒಂದು, ಪುಟ್-ಗೆಟ್‌ಗೆ, ಅಂದರೆ ಹೊರಗಿನವರು ಓದಿ ಬರೆಯುವುದಕ್ಕೆ, ಅನುಮತಿ ಕೊಡುವ ಟಿಕ್ ಹಾಕಬೇಕು. ಇನ್ನೊಂದು, ಪಿಎಲ್‌ಸಿ ಮೌಲ್ಯಗಳನ್ನು ಇಟ್ಟುಕೊಳ್ಳುವ ಡೇಟಾ ಬ್ಲಾಕ್‌ನ ಆಪ್ಟಿಮೈಸ್ಡ್ ಆಕ್ಸೆಸ್ ಟಿಕ್ ತೆಗೆಯಬೇಕು, ಇಲ್ಲದಿದ್ದರೆ ಅಡ್ರೆಸ್ ಹಿಡಿದು ಓದಲು ಆಗುವುದಿಲ್ಲ. ಎರಡನೆಯದರಲ್ಲಿ ನಾನು ಕೈ ಸುಟ್ಟುಕೊಂಡೆ. ಓಡುತ್ತಿದ್ದ ಬ್ಲಾಕ್‌ನಲ್ಲೇ ಟಿಕ್ ತೆಗೆದು ಡೌನ್‌ಲೋಡ್ ಮಾಡಿದೆ. ಬ್ಲಾಕ್ ಹೊಸದಾಗಿ ಶುರುವಾಯಿತು, ಅದರೊಳಗಿದ್ದ ಸೆಟ್ಟಿಂಗ್‌ಗಳೆಲ್ಲ ಸೊನ್ನೆ. ಪುಣ್ಯಕ್ಕೆ ಸೆಟ್ಟರ್ ಹತ್ತಿರ ಎಲ್ಲವೂ ಒಂದು ಡೈರಿಯಲ್ಲಿ ಬರೆದಿತ್ತು. ಆಮೇಲಿಂದ ಮಷಿನ್‌ನ ಬ್ಲಾಕ್ ಮುಟ್ಟಲು ಹೋಗಲಿಲ್ಲ. ಆಫೀಸಿಗೆ ಅಂತಲೇ ಒಂದು ಹೊಸ ಬ್ಲಾಕ್ ಮಾಡಿ, ಬೇಕಾದ ಹತ್ತಿಪ್ಪತ್ತು ಮೌಲ್ಯಗಳನ್ನು ಅದಕ್ಕೆ ಕಾಪಿ ಮಾಡಿಸಿದೆ. ಪಿಸಿ ಅದನ್ನು ಮಾತ್ರ ಓದುತ್ತದೆ. ಪಕ್ಕದ ಇನ್ನೊಂದು ಪ್ರೆಸ್‌ನ ಎಸ್7-300ಗೆ ಸೀಮೆನ್ಸ್‌ನದೇ ಹಳೆಯ ಎಂಪಿಐ ಸಾಕೆಟ್ ಬಿಟ್ಟರೆ ಕೇಬಲ್ ಚುಚ್ಚಲು ಬೇರೆ ಪೋರ್ಟೇ ಇಲ್ಲ. ಅದಕ್ಕೆ ಎಂಪಿಐಯಿಂದ ಈಥರ್ನೆಟ್‌ಗೆ ಬದಲಿಸುವ ಅಡಾಪ್ಟರ್ ಚುಚ್ಚಿದೆ, ಮುಗಿಯಿತು.

ವಾಷಿಂಗ್ ಮಷಿನ್‌ಗಳು ಮತ್ತು ಫರ್ನೇಸ್ ಮಾತಾಡುವುದು ಆರ್‌ಎಸ್-485 ಅನ್ನುವ ಸೀರಿಯಲ್ ಕೇಬಲ್ ಮೇಲೆ ಮಾಡ್‌ಬಸ್. ವಾಷಿಂಗ್ ಮಷಿನ್‌ನ ಪಂಪ್ ಶುರುವಾದಾಗಲೆಲ್ಲ ಲೆಕ್ಕ ನಿಂತುಹೋಗುತ್ತಿತ್ತು. ನಮ್ಮ ಹುಡುಗರು ಕೇಬಲ್ಲನ್ನು ಪಂಪಿನ ಡ್ರೈವ್ ಕೇಬಲ್ ಜೊತೆಗೇ ಟೈ ಹಾಕಿ ಚೆಂದವಾಗಿ ಕಟ್ಟಿದ್ದರು. ಬಿಚ್ಚಿ ಬೇರೆ ಟ್ರೇಗೆ ಹಾಕಿಸಿ, ಎರಡು ತುದಿಗೂ 120 ಓಮ್ ರೆಸಿಸ್ಟರ್ ಕೊಟ್ಟ ಮೇಲೆ ಸುಮ್ಮನಾಯಿತು.

ಫರ್ನೇಸ್ ಕಥೆ ಬೇರೆ. ಕಂಟ್ರೋಲರ್ ಮೇಲೆ 850.0 ಡಿಗ್ರಿ ಅಂತ ಕೆಂಪಗೆ ಉರಿಯುತ್ತಿದೆ, ಪಿಸಿಯಲ್ಲಿ ನೋಡಿದರೆ -0.00. ಅರ್ಧ ದಿನ ವೈರ್ ಅಲ್ಲಾಡಿಸಿದೆ. ಆಮೇಲೆ ಬರುತ್ತಿರುವ ಕಚ್ಚಾ ನಂಬರ್‌ಗಳನ್ನೇ ಕಾಗದದ ಮೇಲೆ ಬರೆದುಕೊಂಡೆ. ಒಂದು ರಿಜಿಸ್ಟರ್‌ನಲ್ಲಿ 32768, ಮುಂದಿನದರಲ್ಲಿ 17492. ಮಾಡ್‌ಬಸ್‌ನಲ್ಲಿ ಒಂದು ರಿಜಿಸ್ಟರ್ 16 ಬಿಟ್ ಮಾತ್ರ. ದಶಾಂಶ ಇರುವ ಸಂಖ್ಯೆ ಎರಡು ರಿಜಿಸ್ಟರ್‌ನಲ್ಲಿ ಕೂರುತ್ತದೆ. ಯಾವ ಅರ್ಧ ಮೊದಲು ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ, ಒಬ್ಬೊಬ್ಬ ತಯಾರಕರದ್ದು ಒಂದೊಂದು ರೀತಿ. 17492 ಮೊದಲು, 32768 ಆಮೇಲೆ ಇಟ್ಟು ಓದಿಸಿದೆ. ಸರಿಯಾಗಿ 850.0 ಬಂತು. ಆ ಕಾಗದ ಈಗಲೂ ಫರ್ನೇಸ್ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದೆ.

ಅಲ್ಲಿಗೆ ಎಲ್ಲ ಮಷಿನ್ ಮಾತಾಡಲು ಶುರು ಮಾಡಿದವು. ನಿಜವಾದ ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಮೊದಲ ವಾರದ ವರದಿಯಲ್ಲಿ ಒಂದು ಪ್ರೆಸ್ ಲಾಗ್ ಬುಕ್‌ಗಿಂತ ಕಮ್ಮಿ ತೋರಿಸಿತು, ಸುಮಾರು ಅರ್ಧ. ಇನ್ನೊಂದು ಜಾಸ್ತಿ ತೋರಿಸಿತು. ಮೀಟಿಂಗ್‌ನಲ್ಲಿ ಒಬ್ಬರು "ಆಪರೇಟರ್‌ಗಳು ಸುಳ್ಳು ಲೆಕ್ಕ ಬರೀತಿದ್ರು ಅಂತಾಯ್ತು" ಅಂದೇಬಿಟ್ಟರು. ನನಗೆ ಮನಸ್ಸು ತಡೆಯಲಿಲ್ಲ. ಆ ಪ್ರೆಸ್‌ನ ಹಿರಿಯ ಆಪರೇಟರ್ ನನಗಿಂತ ಮೊದಲೇ ಈ ಕಾರ್ಖಾನೆಗೆ ಬಂದವರು. ಪ್ರಿಂಟ್ ತೆಗೆದುಕೊಂಡು ಅವರ ಹತ್ತಿರವೇ ಹೋದೆ.

"ಯಜಮಾನ್ರೇ, ಇದು ಯಾಕೆ ಹೀಗೆ?"

ಅವರು ಕನ್ನಡಕ ಏರಿಸಿ ನೋಡಿದರು. "ಸಾರ್, ಮಷಿನ್ ಎಣಿಸೋದು ಹೊಡೆತ. ನಾವು ಬರೆಯೋದು ಪೀಸು. ಈ ಡೈನಲ್ಲಿ ಒಂದು ಹೊಡೆತಕ್ಕೆ ಎರಡು ಪೀಸ್ ಬೀಳ್ತದೆ. ಆ ಕಡೆ ಪ್ರೆಸ್‌ನಲ್ಲಿ ಒಂದಕ್ಕೆ ಒಂದೇ. ಆದ್ರೆ ಅಲ್ಲಿ ಡೈ ಸೆಟ್ ಮಾಡೋವಾಗ ಖಾಲಿ ಹೊಡೀತಾರಲ್ಲ, ಅದನ್ನೂ ಎಣಿಸ್ಕೊಂಡಿದೆ."

ಎರಡು ನಿಮಿಷದ ಮಾತು. ಕೌಂಟರ್‌ನ ಅಡ್ರೆಸ್ ಹುಡುಕಲು ನಾನು ಎರಡು ದಿನ ಕಳೆದಿದ್ದೆ, ಅದು ಏನನ್ನು ಎಣಿಸುತ್ತದೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಆಮೇಲೆ ಪ್ರತಿ ಮಷಿನ್ ಮುಂದೆ ಆಪರೇಟರ್ ಜೊತೆ ಒಂದು ಗಂಟೆ ನಿಂತೆ. ಯಾವ ಡೈಗೆ ಹೊಡೆತಕ್ಕೆ ಎಷ್ಟು ಪೀಸ್ ಅಂತ ಪಟ್ಟಿ ಮಾಡಿದೆವು. ಸೆಟ್ಟಿಂಗ್ ಮೋಡ್‌ನಲ್ಲಿ ಎಣಿಕೆ ನಿಲ್ಲುವ ಹಾಗೆ ಲ್ಯಾಡರ್‌ನಲ್ಲಿ, ಅಂದರೆ ಪಿಎಲ್‌ಸಿ ಪ್ರೋಗ್ರಾಂನಲ್ಲಿ, ಒಂದು ಕಾಂಟ್ಯಾಕ್ಟ್ ಸೇರಿಸಿದೆ. ಮೀಟಿಂಗ್‌ನಲ್ಲಿ ಹಾಗಂದವರು ಆ ವಿಷಯ ಮತ್ತೆ ಎತ್ತಲಿಲ್ಲ. ಕ್ಷಮೆ ಕೇಳಿದ್ದರೆ ಚೆನ್ನಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಮೂರನೇ ಎಸ್‌ಪಿಎಂ ಭಾನುವಾರ ರಾತ್ರಿ ಮೈನಸ್ ಅರವತ್ತೈದು ಸಾವಿರ ಪೀಸ್ ಮಾಡಿದೆ ಅಂತ ವರದಿ ಬಂತು. ಶಿಫ್ಟ್ ಕೊನೆಗೆ ಆಪರೇಟರ್ ರಿಸೆಟ್ ಒತ್ತುವುದು ಪದ್ಧತಿ. ವಾರಾಂತ್ಯದ ಓಟಿಯಲ್ಲಿ ಯಾರೂ ಒತ್ತಿಲ್ಲ. ಕೌಂಟರ್ ಇಟ್ಟಿದ್ದು ಇಂಟ್‌ನಲ್ಲಿ, ಅಂದರೆ 16 ಬಿಟ್‌ನ ಪೂರ್ಣಾಂಕದಲ್ಲಿ. ಅದು 32767 ಮುಟ್ಟಿದ ಮೇಲೆ ಮುಂದಿನ ಪೀಸ್‌ಗೆ -32768 ಆಗುತ್ತದೆ. ಅದರಿಂದ ಹಿಂದಿನ ಸಂಖ್ಯೆ ಕಳೆದರೆ ಮೈನಸ್ ಅರವತ್ತೈದು ಸಾವಿರ. 32 ಬಿಟ್‌ನ ಡಿಇಂಟ್‌ಗೆ ಬದಲಿಸಿದೆ. ಇನ್ನು 214 ಕೋಟಿ ದಾಟುವವರೆಗೆ ಚಿಂತೆ ಇಲ್ಲ. ರಿಸೆಟ್ ಬಟನ್ ಆಪರೇಟರ್‌ಗೆ ಹಾಗೇ ಬಿಟ್ಟೆ, ಆದರೆ ಅದು ಅವರ ಪರದೆಯ ಲೆಕ್ಕವನ್ನು ಮಾತ್ರ ಅಳಿಸುತ್ತದೆ. ಆಫೀಸಿನ ಬ್ಲಾಕ್‌ನಲ್ಲಿರುವುದು ಯಾವತ್ತೂ ಏರುತ್ತಲೇ ಇರುವ ಒಟ್ಟು ಸಂಖ್ಯೆ. ಶಿಫ್ಟಿನ ಲೆಕ್ಕ ಬೇಕಾದರೆ ಕೊನೆಯ ಸಂಖ್ಯೆಯಿಂದ ಶುರುವಿನ ಸಂಖ್ಯೆ ಕಳೆಯಬೇಕು.

ಟೈಮ್ ವಿಷಯಕ್ಕೂ ಒಂದು ಜಗಳ ಆಯಿತು. ಬೆಳಿಗ್ಗೆ ಆರಕ್ಕೆ ಶುರುವಾಗುವ ಶಿಫ್ಟ್ ವರದಿಯಲ್ಲಿ ರಾತ್ರಿ ಹನ್ನೆರಡೂವರೆಗೆ ಕಾಣುತ್ತಿತ್ತು. ಸರ್ವರ್ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಇತ್ತು. ಐದೂವರೆ ಗಂಟೆ ಸೇರಿಸಿದ್ದಾಯಿತು, ಪಿಎಲ್‌ಸಿಗಳ ಗಡಿಯಾರವನ್ನೂ ಒಳಗಿನ ಪಿಸಿಯಿಂದ ಸರಿಮಾಡಿಸಿದೆವು. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಆಫೀಸಿನ ಸ್ವಿಚ್ ಸಾಯುತ್ತದೆ, ಮಷಿನ್ ಲೆಕ್ಕ ಕಳೆದುಹೋಗುತ್ತದೆ. ಅದಕ್ಕೆ ಒಳಗಿನ ಪಿಸಿಗೆ ಯುಪಿಎಸ್ ಕೊಟ್ಟು, ಕಳಿಸಲು ಆಗದ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಲೈನ್ ಬಂದ ಮೇಲೆ ಕಳಿಸುವ ಹಾಗೆ ಮಾಡಿದೆವು.

ಸ್ಯಾಪ್‌ಗೆ ಪ್ರತಿ ಹೊಡೆತವನ್ನೂ ನೇರವಾಗಿ ಸುರಿಯಬೇಕು ಅನ್ನುವುದು ಕನ್ಸಲ್ಟೆಂಟ್ ಆಸೆ. ನಾನು ಒಪ್ಪಲಿಲ್ಲ. ಶಿಫ್ಟ್ ಮುಗಿದ ಮೇಲೆ ಸೂಪರ್‌ವೈಸರ್ ಪರದೆಯ ಮೇಲೆ ಮಷಿನ್ ಲೆಕ್ಕ ನೋಡುತ್ತಾರೆ, ರಿಜೆಕ್ಷನ್ ತುಂಬುತ್ತಾರೆ, ಸರಿ ಅಂತ ಒತ್ತುತ್ತಾರೆ. ಆಗ ಮಾತ್ರ ಸ್ಯಾಪ್‌ಗೆ ಹೋಗುತ್ತದೆ. ಪಿಎಲ್‌ಸಿಗೆ ಒಳ್ಳೆಯ ಪೀಸ್ ಯಾವುದು, ಕೆಟ್ಟದ್ದು ಯಾವುದು ಗೊತ್ತಿಲ್ಲ, ಏನು ಮಾಡೋಣ?

ಪ್ಲಾನಿಂಗ್‌ನವರದ್ದು ಇನ್ನೊಂದು ಬೇಡಿಕೆ. ಸ್ಯಾಪ್‌ನಿಂದಲೇ ಫರ್ನೇಸ್‌ಗೆ ಟೆಂಪರೇಚರ್ ಸೆಟ್ಟಿಂಗ್ ಹೋಗಬೇಕಂತೆ. ಆಫೀಸಿನಿಂದ ಒಳಕ್ಕೆ ಬರೆಯುವುದು ಬೇಡ ಅಂತ ಹಟ ಹಿಡಿದೆ. ಒಪ್ಪಂದ ಹೀಗಾಯಿತು: ಅವರು ರೆಸಿಪಿ, ಅಂದರೆ ಆ ಸೆಟ್ಟಿಂಗ್‌ಗಳನ್ನು, ತಂದು ಜಗುಲಿಯಲ್ಲಿ ಇಡುತ್ತಾರೆ. ಒಳಗಿನ ಪಿಸಿ ಹೋಗಿ ಎತ್ತಿಕೊಂಡು ಬಂದು ಫರ್ನೇಸ್ ಪಕ್ಕದ ಪರದೆಯಲ್ಲಿ ತೋರಿಸುತ್ತದೆ. ಆಪರೇಟರ್ ಓದಿ, ಜಾಬ್ ಕಾರ್ಡ್ ಜೊತೆ ತಾಳೆ ನೋಡಿ, ಒತ್ತಿದರೆ ಮಾತ್ರ ಜಾರಿ. ಮಿತಿ ಮೀರಿದ ಸಂಖ್ಯೆ ಬಂದರೆ ಅಲ್ಲೇ ತಿರಸ್ಕಾರ.

ಇಷ್ಟೆಲ್ಲ ಆದ ಮೇಲೆ, ಆಯುಧಪೂಜೆಗೆ ಮಷಿನ್ ತೊಳೆಯುವಾಗ ಐದನೇ ಎಸ್‌ಪಿಎಂ ಪ್ಯಾನೆಲ್ ತೆರೆದೆ. ಧೂಳು ಒರೆಸುತ್ತಾ ಹೋದರೆ ಟ್ರಂಕಿಂಗ್ ಹಿಂದೆ ಒಂದು ಪುಟ್ಟ 4ಜಿ ರೂಟರ್. ಒಳಗೆ ಸಿಮ್, ಮೇಲೆ ಮಿಣುಕುವ ಹಸಿರು ದೀಪ. ಮಷಿನ್ ಬಿಲ್ಡರ್ ಸರ್ವಿಸ್‌ಗೆ ಅನುಕೂಲ ಅಂತ ಇಟ್ಟು ಹೋಗಿದ್ದ, ನಮಗೆ ಹೇಳಿರಲಿಲ್ಲ. ಜಗುಲಿಗೆ ಬೀಗ, ಕಾವಲು ಎಲ್ಲ ಹಾಕಿ ಕೂತಿದ್ದೇವೆ, ಹಿತ್ತಿಲ ಬಾಗಿಲು ಮೊದಲಿಂದಲೂ ತೆರೆದೇ ಇದೆ. ಫೋನ್ ಮಾಡಿ ಕೇಳಿದರೆ, "ಎಲ್ಲ ಕಸ್ಟಮರ್‌ಗೂ ಹಾಗೇ ಕೊಡ್ತೀವಿ ಸಾರ್, ಫ್ರೀ" ಅಂದ.

ಕಿತ್ತು ಬಿಸಾಡಲಿಲ್ಲ. ಅವನ ಸಹಾಯ ನಮಗೆ ಬೇಕೇ ಬೇಕು, ರಾತ್ರಿ ಎರಡು ಗಂಟೆಗೆ ಮಷಿನ್ ನಿಂತರೆ ಅವನೇ ಗತಿ. ಆ ರೂಟರ್‌ನ 24 ವೋಲ್ಟ್ ಲೈನ್‌ಗೆ ಒಂದು ಕೀ ಸ್ವಿಚ್ ಹಾಕಿದೆ. ಕೀ ನನ್ನ ಟೇಬಲ್ ಡ್ರಾಯರ್‌ನಲ್ಲಿದೆ, ಇನ್ನೊಂದು ಶಿಫ್ಟ್ ಇನ್‌ಚಾರ್ಜ್ ಹತ್ತಿರ. ಬಿಲ್ಡರ್ ಒಳಗೆ ಬರಬೇಕಾದರೆ ಮೊದಲು ಫೋನ್ ಮಾಡಬೇಕು. ನಾವು ಆನ್ ಮಾಡುತ್ತೇವೆ, ಅವನು ಕೆಲಸ ಮುಗಿಸುತ್ತಾನೆ, ನಾವು ಆಫ್ ಮಾಡುತ್ತೇವೆ. ಯಾವಾಗ ಬಂದ, ಏನು ಮಾಡಿದ ಅಂತ ಪಕ್ಕದಲ್ಲಿ ಒಂದು ಪುಸ್ತಕದಲ್ಲಿ ಬರೆಯುತ್ತೇವೆ. ಖಾಲಿ ಬಿದ್ದಿದ್ದ ಹಳೆಯ ಲಾಗ್ ಬುಕ್ ಒಂದಿತ್ತು, ಅದನ್ನೇ ಇಟ್ಟಿದ್ದೇವೆ.